ಅಪ್ಪನ ಸ್ಕೇಲು, ನಿನ್ನ ಸ್ಕೇಲು

ಮನೆಯಿಂದ,
ಮಾರ್ಚ್ ೧೪, ಶುಕ್ರವಾರ

ತಮ್ಮಾ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ನಿನ್ನ ನೆಗಡಿ ಹೋಗಿರಬೇಕು, ಫೋನಿನಲ್ಲಿ ಅಪ್ಪನನ್ನು ಗದರುವಾಗ ಗಂಟಲು ಚೆನ್ನಾಗಿಯೇ ಇತ್ತು. ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ, ಊಟ ಸೇರುತ್ತಿದೆ, ಕಾಲು ಮಾತ್ರ ಇನ್ನೂ ಏಳುವುದಿಲ್ಲ.

ನಮ್ಮ ಮನೆಯಲ್ಲಿ ಸ್ಕೇಲು ಅಂದರೆ ಒಬ್ಬೊಬ್ಬರಿಗೆ ಒಂದೊಂದು. ಹಾಡು ಕಲಿಸುವ ಅಮ್ಮನಿಗೆ ಅದು ಸ್ವರದ ಸ್ಕೇಲು. ನನಗೆ ಹೊಲಿಗೆ ಮೇಜಿನ ಮೇಲಿನದು, ಜೊತೆಗೆ ಲೆಕ್ಕದ ಮೇಷ್ಟ್ರು ಅಂಗೈಗೆ ಬಾರಿಸಿದ್ದು. ನೀನು ಕೆಲಸಕ್ಕೆ ಸೇರಿದಾಗ ಸಂಬಳದ ಸ್ಕೇಲು ಹೇಳಿಕೊಂಡು ನೆಂಟರ ಮನೆಗಳನ್ನೆಲ್ಲ ಸುತ್ತಿದೆ. ಬಡಗಿ ಅಪ್ಪನಿಗೆ ಮಾತ್ರ ಅದು ಕಿವಿಯ ಪೆನ್ಸಿಲ್ಲಿನ ಜೊತೆಗಾರ. ನಕ್ಷೆಯಲ್ಲಿ ಬರೆದ ಅಂಕಿಯನ್ನು ಅಪ್ಪ ಎಂದೂ ಓದಿದವರಲ್ಲ. ಮೂಲೆಯಲ್ಲಿ ‘ಇಂಚಿಗೆ ಒಂದು ಅಡಿ’ ಎಂದಿದ್ದರೆ ಸಾಕು, ಗೆರೆಯ ಮೇಲೆ ಸ್ಕೇಲು ಇಟ್ಟು ಅಳೆದು ಮರ ಕೊಯ್ಯುತ್ತಾರೆ. ಇದು ನಿನಗೆ ಗೊತ್ತಿರಲಿಲ್ಲವೇ? ಅವರ ಮುಂದೆ ಮರದ ಪುಡಿಯಲ್ಲಿ ಆಡಿಕೊಂಡು ಬೆಳೆದವನು ನೀನು.

ಅಮ್ಮನ ಕೋಣೆಯ ಬಾಗಿಲಿಗೆ ನೀನು ಕಳಿಸಿದ ನಕ್ಷೆಯನ್ನೂ ಹಾಗೆಯೇ ಅಳೆದರು. ಅಗಲ ಎರಡು ಅಡಿ ಚಿಲ್ಲರೆ ಬಂತು. ಅನುಮಾನ ಬಂದರೂ, “ಈಗಿನ ಕಾಲದ ಲೆಕ್ಕ ಇರಬೇಕು, ಅವನು ಓದಿದವನು” ಎಂದು ಚೌಕಟ್ಟು ಕೂರಿಸಿ, ಗೋಡೆಯನ್ನೂ ಮುಗಿಸಿದರು. ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕರೆತಂದಾಗ ಕುರ್ಚಿ ಬಾಗಿಲಲ್ಲೇ ಸಿಕ್ಕಿಕೊಂಡಿತು, ಅವಳ ಬೆರಳ ಗಿಣ್ಣುಗಳು ತರಚಿದವು. ಈಗ ನಾವಿಬ್ಬರೂ ಅವಳನ್ನು ಎತ್ತಿ ಒಳಗೆ ಹೊರಗೆ ಮಾಡುತ್ತಿದ್ದೇವೆ. ಅದನ್ನು ಕೇಳಿ ನೀನು ಅಪ್ಪನಿಗೆ ಹೇಳಿದ ಮಾತು ನೆನಪಿದೆಯಾ? “ವಯಸ್ಸಾಯ್ತಲ್ಲಪ್ಪ, ಇನ್ನು ಉಳಿ ಕೆಳಗಿಡು.” ಕೆಳಗಿಟ್ಟರು. ಅಂದಿನಿಂದ ಮುಟ್ಟಿಲ್ಲ.

ನಿನ್ನೆ ನಾನೇ ಆ ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ‘ಮೂರು ಅಡಿ’ ಎಂದಿದೆ, ಗೆರೆ ಮಾತ್ರ ಎರಡು ಇಂಚಿನ ಮೇಲೆ ಚೂರು. ದೊಡ್ಡ ಹಾಳೆ ಲಕೋಟೆಯಲ್ಲಿ ಹಿಡಿಸಲಿಲ್ಲವೆಂದು ಜೆರಾಕ್ಸ್‌ನಲ್ಲಿ ಕುಗ್ಗಿಸಿ ಕಳಿಸಿದ್ದೀಯ. ಹಾಳೆಯ ಜೊತೆ ಗೆರೆಯೂ ಕುಗ್ಗಿದೆ, ಮೂಲೆಯಲ್ಲಿ ಬರೆದ ಸ್ಕೇಲು ಮಾತ್ರ ಹಳೆಯದೇ. ದರ್ಜಿಯ ಕಣ್ಣಿಗೆ ಕಂಡದ್ದು ಅಷ್ಟು ಓದಿದ ನಿನಗೆ ಹೊಳೆಯಲಿಲ್ಲ, ಅಥವಾ ಹೊಳೆದೂ ಬಾಯಿ ಮುಚ್ಚಿಕೊಂಡೆ. ಎರಡನೆಯದಾದರೆ ನಿನ್ನ ಮುಖ ನೋಡಲೂ ನನಗೆ ಇಷ್ಟವಿಲ್ಲ.

ಅಮ್ಮ ಆಶೀರ್ವಾದ ತಿಳಿಸಲು ಹೇಳಿದ್ದಾಳೆ. ಅದು ಅವಳದು, ನನ್ನದಲ್ಲ.

ನಿನ್ನ ಅಕ್ಕ

ಮರೆತಿದ್ದೆ: ಅಪ್ಪನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. “ಅವನ ನಕ್ಷೆ ತಪ್ಪಾಗಲ್ಲ ಕಣಮ್ಮ, ನನ್ನ ಕೈಯೇ ಹೋಗಿದೆ” ಅಂದುಬಿಟ್ಟರು. ಉಳಿ, ಗರಗಸ, ಕೀಸುಳಿಯ ಪೆಟ್ಟಿಗೆಯನ್ನು ಒಯ್ಯಲು ಮುಂದಿನ ಭಾನುವಾರ ಯಾರೋ ಬರುತ್ತಾರಂತೆ. ಅದಕ್ಕೆ ಮೊದಲು ಬಾ. ಫೋನು ಬೇಡ, ಎದುರಿಗೆ ನಿಂತು ತಪ್ಪು ನಿನ್ನದೆಂದು ಹೇಳು. ಅವರು ನಂಬುವುದು ನಿನ್ನೊಬ್ಬನ ಮಾತನ್ನು. ಅದಕ್ಕೆ ನನಗೆ ಹೊಟ್ಟೆ ಉರಿಯುತ್ತದೆ, ಆದರೂ ಕೇಳುತ್ತಿದ್ದೇನೆ.