ಇಪ್ಪತ್ತೊಂಬತ್ತು ಅಂತ ಒತ್ತಿದ್ದು

ಮಾರ್ಚ್ 4, ಬೆಳಿಗ್ಗೆ

ಎರಡನೇ ಸ್ಪೀಕರ್ ಪ್ಯಾಕಿಂಗೂ ಮುಗೀತು. ಅಂದ್ರೆ ಮುಕ್ಕಾಲು. ಟೇಪ್ ಖಾಲಿ.

ಸ್ಪೀಕರ್ ಅಡಿಯ ಮೊಳೆಯಂಥ ಚೂಪು ಕಾಲು ನಾಲ್ಕೂ ಬಿಚ್ಚಿ ಬೇರೆ ಪೊಟ್ಟಣ ಕಟ್ಟಿದೆ. ಹೋದ ಸಲ ಮರೆತು ಹಾಗೇ ಕಳಿಸಿ, ಅವು ಡಬ್ಬ ತೂತು ಮಾಡಿಕೊಂಡು ಯಾರದೋ ಟೀವಿಗೆ ಚುಚ್ಚಿದ್ದವು. ಮೂಲೆಗಳಿಗೆ ಥರ್ಮಾಕೋಲ್ ಅಲ್ಲ, ಗಟ್ಟಿ ಫೋಮ್. ಈ ಭಾರಕ್ಕೆ ಥರ್ಮಾಕೋಲ್ ಹಪ್ಪಳ. ಡಬ್ಬದೊಳಗೆ ಡಬ್ಬ, ನಡುವೆ ನಾಲ್ಕು ಬೆರಳು ಜಾಗ.

ಇವರು ಬೆಂಚಿನ ಹತ್ರ ಕೂತಲ್ಲಿಂದಲೇ, "ಮಲಗಿಸ್ಬೇಡ, ನಿಲ್ಲಿಸು. ಒಳಗಿನ ಮ್ಯಾಗ್ನೆಟ್ ಒಂದೇ ಏಳು ಕೇಜಿ." ಗೊತ್ತು ಮಹಾರಾಯರೇ. ಎರಡು ವರ್ಷದಿಂದ ಹಳೇ ಸ್ಪೀಕರ್‌ಗೆ ಜೀವ ಕೊಡೋದು ನಿಮ್ಮ ಕೆಲಸ. ಮಾರೋದು, ಕಟ್ಟೋದು, ಕಳಿಸೋದು ನಂದು. ಇಂಥದೇ ಒಂದನ್ನ ವ್ಯಾನಿಂದ ಒಬ್ಬರೇ ಇಳಿಸೋಕೆ ಹೋಗಿ ಸೊಂಟ ಕಳಕೊಂಡವರು. ಆಮೇಲೆ ಟೀ ಲೋಟಕ್ಕಿಂತ ಭಾರದ್ದು ಎತ್ತಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು ಎದೆಮಟ್ಟದ ಡಬ್ಬಗಳನ್ನ ನೋಡಿದ್ರು. "ಯಾರನ್ನ ಹಾಕಿ ಮುಚ್ಚಿದ್ಯೇ ಒಳಗೆ?" ನಗು ತಡೀಲಿಕ್ಕಾಗಲಿಲ್ಲ.

ತೂಕ ನೋಡಿದೆ. ಅರವತ್ತೊಂದು. ಇನ್ನೊಂದೂ ಅಷ್ಟೇ.

ಮಾರ್ಚ್ 5

ಕೊಂಡವರ ಫೋನ್, ಮೂರನೇ ಸಲ. ರಿಟೈರ್ ಆದ ಭೂಗೋಳದ ಮೇಷ್ಟ್ರು. ಇಲ್ಲಿಂದ ಬಸ್ಸಲ್ಲಿ ಐದು ಗಂಟೆ ದೂರ. ಮಕ್ಕಳು ಹೊಸ ಸೈಕಲ್‌ಗೆ ಕಾಯೋ ಹಾಗೆ ಕಾಯ್ತಿದ್ದಾರೆ.

"ಹೊರಟಿತೇನಮ್ಮ?"

"ಇನ್ನೂ ಇಲ್ಲ ಸಾರ್, ನಾಳೆ."

"ನಮ್ಮದು ಎರಡನೇ ಮಹಡಿ. ಲಿಫ್ಟ್ ಇಲ್ಲ. ತೊಂದ್ರೆ ಆಗಲ್ವಾ?"

"ಅವರು ತಂದುಕೊಡ್ತಾರೆ ಸಾರ್. ಅವರ ಕೆಲಸಾನೇ ಅದು."

ಆಮೇಲೆ ಪಾರ್ಸಲ್ ಕಂಪನಿ ಫಾರಂ ತುಂಬೋಕೆ ಕೂತೆ. ಮೂವತ್ತು ಕೇಜಿ ಮೇಲಾದ್ರೆ ಮರದ ಹಲಗೆಗೆ ಬಿಗೀಬೇಕು, ಇಬ್ಬರು ಆಳಿನ ಗಾಡಿ ಬರಬೇಕು. ಆ ಗಾಡಿ ಇನ್ನು ಹನ್ನೆರಡು ದಿನ ಇಲ್ಲ. ಕಡಿಮೆ ಆದ್ರೆ ನಾಳೆನೇ ಬಂದು ಒಯ್ತಾರೆ. ಹನ್ನೆರಡು ದಿನ ಮೇಷ್ಟ್ರು ಫೋನು ಕೇಳೋ ತಾಳ್ಮೆ ನನಗಿಲ್ಲ. ಗೋದಾಮಿನ ಬೆಲ್ಟ್ ಮೇಲೆ ಹತ್ತದ ದೊಡ್ಡ ಡಬ್ಬ ಅವರು ತೂಗಲ್ಲ — ಅದೂ ಗೊತ್ತು.

29 ಅಂತ ಒತ್ತಿದೆ. ಎರಡು ಸಲ. ಡಬ್ಬಕ್ಕೊಂದು.

ಮಾರ್ಚ್ 6, ಹನ್ನೊಂದು ಗಂಟೆ

ಒಯ್ದರು. ಒಯ್ಯೋನು ತಳ್ಳುಗಾಡಿ ಮೇಲೆ ಓರೆ ಮಾಡಿ, "ಇಪ್ಪತ್ತೊಂಬತ್ತಾ ಮೇಡಂ ಇದು?" ಅಂದ.

"ಡಬ್ಬ ದೊಡ್ಡದಲ್ವಾ, ಹಾಗನ್ಸುತ್ತೆ."

ಗಾಡಿ ಹಿಂದಿನ ಲಿಫ್ಟೇ ಎತ್ತಿಕೊಳ್ತು. ಅವನಿಗೇನು ಕಷ್ಟ ಆಗಲಿಲ್ಲ. ಒಳಗೆ ಬಂದು ಕೈ ತೊಳ್ಕೊಂಡೆ. ಜಾಗ ಎಷ್ಟು ಖಾಲಿ ಆಯ್ತು ಅಂತ ಖುಷಿ ಬೇರೆ.

ಮಾರ್ಚ್ 9, ಮಧ್ಯಾಹ್ನ

ಮೇಷ್ಟ್ರು ಫೋನ್.

ಮೊದಲನೇದು ಬಂತು, ಹಾಲ್‌ನಲ್ಲಿದೆ. ಎರಡನೇದು ಮೆಟ್ಟಿಲಲ್ಲಿ ಬಿತ್ತು. ಡೆಲಿವರಿಯವರು ಒಬ್ಬರೇ. ಪಟ್ಟಿ ಕಟ್ಟಿ ಬೆನ್ನ ಮೇಲೆ ಹೊತ್ಕೊಂಡು ಬರ್ತಿದ್ರಂತೆ. ಕೊನೇ ತಿರುವಲ್ಲಿ ಮೊಣಕಾಲು ಕುಸಿದು, ಡಬ್ಬ ಪಾದದ ಮೇಲೆ ಬಿತ್ತು, ಅಲ್ಲಿಂದ ಒಂದು ಮಹಡಿ ಕೆಳಕ್ಕೆ ಉರುಳಿತು. ಆಂಬುಲೆನ್ಸ್ ಬಂದು ಕರ್ಕೊಂಡು ಹೋಯ್ತು.

"ನಾನು ಕೈ ಹಚ್ಚೋಕೆ ಹೋದೆ ಕಣಮ್ಮ. ನೀವು ಬಿಡಿ ಸಾರ್, ನಿಮಗ್ಯಾಕೆ ಅಂದ."

ನಾನು ಏನು ಕೇಳಿದೆ? ಬರೀಬೇಕು. ಮುಚ್ಚಿಟ್ಟರೆ ಈ ಪುಸ್ತಕ ಯಾಕೆ... "ಸ್ಪೀಕರ್ ಹೇಗಿದೆ ಸಾರ್?" ಅಂತ ಕೇಳಿದೆ. ಮೊದಲು ಅದನ್ನೇ.

ಮಾರ್ಚ್ 10, ಸಂಜೆ

ಗೊತ್ತಿಲ್ಲದ ನಂಬರು. ತೆಗೆದೆ.

"ಮೇಡಂ, ನಾನು ಡೆಲಿವರಿಯವನು. ಲೇಬಲ್ ಮೇಲೆ ನಿಮ್ಮ ನಂಬರ್ ಇತ್ತು. ನಿನ್ನೆನೇ ಮಾಡ್ಬೇಕಿತ್ತು, ಕಾಲಿಗೆ ಪ್ಲಾಸ್ಟರ್ ಹಾಕ್ತಿದ್ರು. ನಿಮ್ಮ ಸಾಮಾನು ಹಾಳು ಮಾಡಿಬಿಟ್ಟೆ. ತಪ್ಪಾಯ್ತು."

ಅವರೇ ಮುಂದುವರಿಸಿದ್ರು.

"ಇಪ್ಪತ್ತಾರು ವರ್ಷ ಆಯ್ತು ಮೇಡಂ ಈ ಕೆಲಸಕ್ಕೆ ಸೇರಿ. ಫ್ರಿಜ್ ಹೊತ್ತಿದೀನಿ, ಬೀರು ಹೊತ್ತಿದೀನಿ. ಒಂದು ಗಾಜಿನ ಲೋಟ ಒಡೆದಿಲ್ಲ. ಈಗ ಇಪ್ಪತ್ತೊಂಬತ್ತು ಕೇಜಿ ಎತ್ತೋಕಾಗ್ಲಿಲ್ಲ ಅಂದ್ರೆ... ಮೊದಲನೇದು ಹೇಗೋ ಏರಿಸಿದೆ, ಕಣ್ಣು ಕತ್ತಲೆ ಬಂತು. ವಯಸ್ಸಾಯ್ತು ಅನ್ಸುತ್ತೆ. ನಂಗೇ ನಾಚಿಕೆ ಆಗ್ತಿದೆ."

ನಾಚಿಕೆ ಅವರಿಗಂತೆ!

ಆಗ ಹೇಳ್ಬಹುದಿತ್ತು. ಬಾಯಲ್ಲೇ ಇತ್ತು ಮಾತು. ಬಿಸಿ ತುಪ್ಪ, ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ. ಕೊನೆಗೆ ಹೇಳಿದ್ದು: "ಪರವಾಗಿಲ್ಲ ಬಿಡಿ. ಯಾರಿಗಾದ್ರೂ ಆಗುತ್ತೆ."

ಕ್ಷಮಿಸಿದೆ. ನಾನು. ಅವರನ್ನ.

"ದೊಡ್ಡ ಮನಸ್ಸು ಮೇಡಂ ನಿಮ್ಮದು" ಅಂದ್ರು.

ಮಾರ್ಚ್ 11

ಇವರು ಕೇಳಿದ್ರು, ಯಾಕೆ ಸಪ್ಪಗಿದ್ದೀಯ ಅಂತ. ಸ್ಪೀಕರ್ ಒಡೀತಲ್ಲ, ಅದಕ್ಕೆ ಅಂದೆ. "ಹೋಗ್ಲಿ ಬಿಡು, ಕೋನ್ ಸಿಗುತ್ತೆ, ಪೆಟ್ಟಿಗೆ ಅಂಟಿಸೋಣ." ಹೊತ್ತವರಿಗೆ ಏನಾಯ್ತು ಅಂತಾನೂ ಕೇಳಿದ್ರು. ಕಾಲು ಉಳುಕಿದೆ ಅಂದೆ.

ಸಂಜೆ ಪಾರ್ಸಲ್ ಕಂಪನಿಯ ಕ್ಲೇಮ್ ಆಫೀಸಿನ ಹೆಂಗಸು ಫೋನ್ ಮಾಡಿದಳು, ಒಡೆದದ್ದಕ್ಕೆ ಪರಿಹಾರದ ವಿಷಯ. ಚುರುಕು ದನಿ. "ಮೇಡಂ, ಸಿಬ್ಬಂದಿಯ ಅಜಾಗರೂಕತೆಯಿಂದ ಒಡೆದಿದೆ ಅಂತ ಒಂದು ಸಾಲು ಬರೆದು ಸೈನ್ ಮಾಡಿ ಕಳಿಸಿ. ಮಿಕ್ಕಿದ್ದು ನಾವು ನೋಡ್ಕೋತೀವಿ."

"ಅವರಿಗೆ ಏನಾಗುತ್ತೆ?"

"ಯಾರಿಗೆ? ಓ. ಅದು ಇಂಟರ್ನಲ್. ನೋಟಿಸ್ ಆಗಲೇ ಹೋಗಿದೆ. ಅಜಾಗರೂಕತೆ ಅಂತಾದ್ರೆ ಚಿಕಿತ್ಸೆ ರಜೆ ಸಿಗಲ್ಲ, ಬಹುಶಃ ಮನೆಗೆ ಕಳಿಸ್ತಾರೆ. ವಯಸ್ಸಾಗಿದೆ ಅವನಿಗೂ."

"ಭಾರ ಜಾಸ್ತಿ ಇತ್ತೇನೋ..."

"ಕಾಗದದಲ್ಲಿ ಇಪ್ಪತ್ತೊಂಬತ್ತಿದೆ ಮೇಡಂ. ಯಾಕೆ?"

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ. "ಏನಿಲ್ಲ, ಸುಮ್ಮನೆ" ಅಂದೆ.

ಸೈನ್ ಮಾಡಲಿಲ್ಲ. ಮಾಡಲ್ಲ ಅಂತಲೂ ಹೇಳಲಿಲ್ಲ.

ಮಾರ್ಚ್ 16

ನಾಲ್ಕು ದಿನ ಬರೀಲಿಲ್ಲ. ಫೋಮ್ ಕತ್ತರಿಸಿದೆ. ಶೆಲ್ಫ್ ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ.

ಇದು ಮೊದಲನೇ ಸಲ ಅಲ್ಲ. ಬರೆದುಬಿಡ್ತೀನಿ. ಹೋದ ವರ್ಷ ದಂತವೈದ್ಯರಿಗೆ ಕಳಿಸಿದ್ದು ನಲವತ್ತೆರಡು, ಬರೆದದ್ದು ಇಪ್ಪತ್ತೆಂಟು. ಕಪ್ಪು ಜೋಡಿ ಮೂವತ್ತೆಂಟು, ಅದಕ್ಕೂ ಇಪ್ಪತ್ತೊಂಬತ್ತೇ. ಇನ್ನೂ ಇವೆ. ಯಾವ ಯಾವ ಮೆಟ್ಟಿಲು, ಯಾರ ಯಾರ ಬೆನ್ನು — ಗೊತ್ತಿಲ್ಲ. ಬಿದ್ದಿಲ್ಲ ಅಷ್ಟೇ. ಬೀಳದೇ ಇದ್ದದ್ದನ್ನ ನಾನು ಜಾಣತನ ಅಂದ್ಕೊಂಡಿದ್ದೆ. ನೋವಿನೆಣ್ಣೆ ತಿಕ್ಕಿದ್ದು ಇದೇ ಕೈಯಲ್ಲಿ, ಎರಡು ವರ್ಷ, ದಿನಾ ಇವರ ಸೊಂಟಕ್ಕೆ. ಒತ್ತಿದ್ದೂ ಇದೇ ಕೈ.

ಮಧ್ಯಾಹ್ನ ಮೇಷ್ಟ್ರು ಮಾತಾಡಿದ್ರು. ಡೆಲಿವರಿಯವರ ಮನೆಗೆ ಹೋಗಿ ನೋಡ್ಕೊಂಡು ಬಂದರಂತೆ. ಪಾದದ ಮೂಳೆ ಎರಡು ಕಡೆ ಬಿರುಕು ಬಿಟ್ಟಿದೆ.

"ಅವನ ಹೆಂಡತಿ ಹೇಳ್ತಿದ್ಲು ಕಣಮ್ಮ. ಕುರ್ಚೀಲಿ ಕೂತ್ಕೊಂಡು ದಿನಾ ನೀರಿನ ಕ್ಯಾನ್ ಎತ್ತಿ ಎತ್ತಿ ನೋಡ್ತಾನಂತೆ. ಇದು ಇಪ್ಪತ್ತು, ಇದನ್ನ ಎತ್ತೋಕಾಗುತ್ತೆ, ಹಾಗಾದ್ರೆ ಅದ್ಯಾಕಾಗ್ಲಿಲ್ಲ ಅಂತ. ತಲೆ ಕೆಟ್ಟಿದೆ ಅವನಿಗೆ."

ಫೋನ್ ಇಟ್ಟು ಬಚ್ಚಲಿಗೆ ಹೋದೆ. ನಲ್ಲಿ ಬಿಟ್ಟೆ, ಅತ್ತೆಗೆ ಕೇಳಿಸದ ಹಾಗೆ.

ಮಾರ್ಚ್ 17

ಇವರಿಗೆ ಗೊತ್ತಾಯ್ತು. ನಾನು ಹೇಳಿದ್ದರಿಂದ ಅಲ್ಲ.

ರಿಪೇರಿ ಆಗುತ್ತಾ ಅಂತ ಮೇಷ್ಟ್ರು ಒಡೆದ ಸ್ಪೀಕರಿನ ಫೋಟೋ ಕಳಿಸಿದ್ರು. ಒಂದರಲ್ಲಿ ಡಬ್ಬದ ಚೂರು, ಅದರ ಮೇಲೆ ಲೇಬಲ್. ಇವರು ಕನ್ನಡಕ ಏರಿಸಿ ನೋಡಿದ್ರು. ದೊಡ್ಡದು ಮಾಡಿ ನೋಡಿದ್ರು.

"ಇದೇನಿದು, ಇಪ್ಪತ್ತೊಂಬತ್ತು?"

ಕೈಲಿದ್ದ ಫೋಮ್ ಕೆಳಗಿಟ್ಟೆ.

"ತಪ್ಪಿ ಒತ್ತಿದ್ಯಾ?"

ಪಾಪ, ದಾರಿ ಮಾಡಿಕೊಟ್ರು. ಹೂಂ ಅಂದಿದ್ರೆ ಮುಗೀತಿತ್ತು. ಇಲ್ಲ ಅಂತ ತಲೆ ಆಡಿಸಿದೆ.

ಇವರು ಬೈತಾರೆ ಅಂದ್ಕೊಂಡೆ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. ಬೆಸುಗೆ ಕಡ್ಡಿ ಆಫ್ ಮಾಡಿದ್ರು.

"ಅವತ್ತು ವ್ಯಾನಿಂದ ನಾನು ಎತ್ತಿದೆನಲ್ಲ. ಅದೆಷ್ಟು ಭಾರ ಅಂತ ಗೊತ್ತಿದ್ದೇ ಎತ್ತಿದೆ. ಕೊಬ್ಬು. ನನ್ನ ಸೊಂಟಕ್ಕೆ ನಾನೇ ಹೊಣೆ." ಕನ್ನಡಕ ತೆಗೆದಿಟ್ರು. "ಅವನಿಗೆ ಗೊತ್ತಿರ್ಲಿಲ್ಲ ಕಣೇ."

ಅಷ್ಟೇ. ಆಮೇಲೆ ಬೆಸುಗೆ ಕಡ್ಡಿ ಮತ್ತೆ ಹಚ್ಚಿದ್ರು.

ಮಾರ್ಚ್ 19

ಮೇಷ್ಟ್ರ ಹತ್ರ ವಿಳಾಸ ಕೇಳಿ ಡೆಲಿವರಿಯವರ ಮನೆಗೆ ಹೋಗಿ ಬಂದೆ. ಒಬ್ಬಳೇ. ಬಸ್ಸಲ್ಲಿ ಹೇಳೋ ಮಾತು ಇಪ್ಪತ್ತು ಸಲ ಜೋಡಿಸಿಕೊಂಡೆ. ಬಾಗಿಲು ತೆರೆದಾಗ ಒಂದೂ ನೆನಪಾಗಲಿಲ್ಲ.

ದರ್ಜಿ ಅಂಗಡಿ ಹಿಂದಿನ ಎರಡು ಕೋಣೆ. ಅವರ ಹೆಂಡತಿ ಅದೇ ಅಂಗಡಿಗೆ ಗುಂಡಿ ಹೊಲಿದುಕೊಡ್ತಾರೆ, ಮಡಿಲ ತುಂಬ ಷರ್ಟುಗಳು. ಅವರು ಕುರ್ಚಿ ಮೇಲೆ, ಪ್ಲಾಸ್ಟರ್ ಹಾಕಿದ ಕಾಲು ಸ್ಟೂಲ್ ಮೇಲೆ. ನಾನು ಅಂದ್ಕೊಂಡಷ್ಟು ದೊಡ್ಡ ಆಳಲ್ಲ. ನಿಂತರೆ ನನ್ನ ಭುಜದಷ್ಟು ಬಂದಾರು. ಯಾರು ಅಂತ ಗೊತ್ತಾದ ಕೂಡಲೇ ಏಳೋಕೆ ಹೋದ್ರು.

"ಮೇಡಂ! ಅಷ್ಟು ದೂರದಿಂದ... ನಾನು ಮಾಡಿದ ತಪ್ಪಿಗೆ ನೀವು —"

"ಅರವತ್ತೊಂದು" ಅಂದೆ. ನಿಂತುಕೊಂಡೇ. ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

"ಏನು?"

"ಆ ಡಬ್ಬ. ಅರವತ್ತೊಂದು ಕೇಜಿ. ಎರಡೂ. ನಾನು ಬೇಕಂತಲೇ ಸುಳ್ಳು ಬರೆದೆ. ಬೇಗ ಹೋಗ್ಲಿ ಅಂತ."

ಅವರು ನನ್ನ ಮುಖ ನೋಡಿದ್ರು. ಮನಸ್ಸಲ್ಲೇ ಏನೋ ಲೆಕ್ಕ ಹಾಕ್ತಿದ್ದ ಹಾಗಿತ್ತು. ಬೈಗುಳಕ್ಕೆ ಕಾದೆ. ಅವರು — ನಕ್ಕರು. ಮುಖ ಪೂರ್ತಿ ಅರಳಿ.

"ಅರವತ್ತೊಂದು! ಹಾಗಾದ್ರೆ ಮೊದಲನೇದು ನಾನು ಎರಡು ಮಹಡಿ ಹತ್ತಿಸಿದ್ನಾ? ಒಬ್ಬನೇ? ಅರವತ್ತೊಂದನ್ನ?" ಹೆಂಡತಿ ಕಡೆ ತಿರುಗಿ, "ಕೇಳಿದ್ಯೇನೇ? ನಾನು ಹೇಳ್ಲಿಲ್ವಾ, ನನ್ನ ರಟ್ಟೆಗೇನೂ ಆಗಿಲ್ಲ ಅಂತ!"

ಕಣ್ಣಲ್ಲಿ ನೀರು ಅವರಿಗೆ. ಸಂತೋಷಕ್ಕೆ. ನೆಲ ಬಾಯಿ ಬಿಡಬಾರದಾ ಅನ್ನಿಸ್ತು.

ಹೆಂಡತಿ ನಗಲಿಲ್ಲ. ದಾರ ಹಲ್ಲಲ್ಲಿ ಕಡಿದು, ಷರ್ಟು ಮಡಚಿಟ್ಟು ಎದ್ದು ನಿಂತ್ರು.

"ಅವರು ಹಾಗೇ. ಹತ್ತು ದಿನ ನಿದ್ದೆ ಇಲ್ದೆ ಹೊರಳಾಡಿದ್ದು ಈಗಾಗಲೇ ಮರೆತ್ರು. ನಾನು ಮರೆತಿಲ್ಲ." ನನ್ನ ಹತ್ರ ಬಂದು ಮೆಲ್ಲಗೆ, "ಇದನ್ನ ನಮ್ಮ ಮನೇಲಿ ಹೇಳಿದ್ರೆ ಸಾಲದು. ಆಫೀಸಲ್ಲಿ ಹೇಳಿ. ಹೇಳಿದ ಮೇಲೆ ಬೇಕಾದ್ರೆ ಬನ್ನಿ, ಕೂರಿಸ್ತೀನಿ. ಇವತ್ತು ಬೇಡ."

ಅವರು ಹಿಂದಿನಿಂದ, "ಏ, ಟೀ ಆದ್ರೂ —"

"ಇವತ್ತು ಬೇಡ" ಅಂದ್ರು ಮತ್ತೆ.

ಸರಿಯಾಗಿ ಹೇಳಿದ್ರು.

ಮಾರ್ಚ್ 20, ಹನ್ನೆರಡು ಗಂಟೆ

ಕ್ಲೇಮ್ ಆಫೀಸಿಗೆ ನಾನೇ ಹೋದೆ. ಚುರುಕು ದನಿಯವಳು ನೋಡಿದ್ರೆ ಚಿಕ್ಕ ಹುಡುಗಿ. ನಿಜವಾದ ತೂಕ ನಾನು ಬರೆದುಕೊಟ್ಟದ್ದು ಓದಿ ಪೆನ್ ಕೆಳಗಿಟ್ಟಳು.

"ಮೇಡಂ, ಇದು ಫೈಲಿಗೆ ಹೋದ್ರೆ ಕ್ಲೇಮೂ ಇಲ್ಲ, ನಿಮ್ಮ ಅಕೌಂಟೂ ಬಂದ್. ನಮ್ಮಲ್ಲಿ ಇನ್ನು ಒಂದು ಡಬ್ಬ ಕಳಿಸೋಕಾಗಲ್ಲ. ಯೋಚನೆ ಮಾಡಿ."

"ಮಾಡಿದೀನಿ."

"ಅವನೇನಾದ್ರೂ ಹೆದರಿಸಿದ್ನಾ?"

"ಇಲ್ಲಮ್ಮ. ಅವರು ನನ್ನ ಹತ್ರ ಕ್ಷಮೆ ಕೇಳಿದ್ರು."

ಅವಳಿಗೆ ಅರ್ಥ ಆಗಲಿಲ್ಲ. ಸೀಲ್ ಒತ್ತಿದಳು. ಹೊರಗೆ ಬಂದಾಗ ಹಗುರ ಆಗುತ್ತೆ ಅಂದ್ಕೊಂಡಿದ್ದೆ. ಆಗಲಿಲ್ಲ. ಕೌಂಟರಿನ ಪಕ್ಕ ಡೆಲಿವರಿಯವರು ಮೂರು ಜನ ಡಬ್ಬ ಜೋಡಿಸ್ತಿದ್ರು. ಒಬ್ಬ ಎತ್ತೋ ಮೊದಲು ಲೇಬಲ್ ಓದಿದ. ಓದಿ, ನಂಬಿ, ಬಗ್ಗಿದ.

ಮಾರ್ಚ್ 27

ನೋಟಿಸ್ ವಾಪಸ್ ಆಯ್ತಂತೆ. ಕೆಲಸದಲ್ಲಿ ಆದ ಪೆಟ್ಟು ಅಂತ ಬರ್ಕೊಂಡಿದ್ದಾರೆ. ಚಿಕಿತ್ಸೆ, ರಜೆ, ಎಲ್ಲ ಸಿಗುತ್ತೆ. ಕಾಲು ನೆಟ್ಟಗಾದ ಮೇಲೆ ಗೋದಾಮಿನಲ್ಲಿ ಕೂತು ಮಾಡೋ ಕೆಲಸ. ಮೇಷ್ಟ್ರು ಹೇಳಿದ್ರು. ಅವರಿಗೂ ನಿಜ ಹೇಳಿದೆ. "ಫೋನ್ ಮಾಡಿ ಮಾಡಿ ನಿನ್ನ ಅವಸರಪಡಿಸಿದ್ದು ನಾನೇ ಅಲ್ವೇನಮ್ಮ" ಅಂದ್ರು. ಬೇಡ ಸಾರ್, ನನ್ನ ಪಾಲಿನದ್ದು ನೀವು ತಗೋಬೇಡಿ ಅಂದೆ. ಒಡೆದದ್ದನ್ನ ಇವರು ಸರಿ ಮಾಡಿಕೊಡ್ತಾರೆ, ಇಬ್ಬರು ಆಳು ಹೋಗಿ ತರಬೇಕು. ತಡ ಆಗುತ್ತೆ ಅಂದೆ. ಆಗ್ಲಿ ಅಂದ್ರು.

ಮಾರಾಟದ ಪುಟದಲ್ಲಿ ಎಲ್ಲದರ ಕೆಳಗೂ ತಿದ್ದಿ ಬರೆದೆ: ಬಂದು ಒಯ್ಯಬೇಕು, ಇಬ್ಬರು ಬನ್ನಿ. ಒಂದು ವಾರದಿಂದ ಯಾರೂ ಕೇಳಿಲ್ಲ. ಇವರು ನನ್ನ ಜೊತೆ ಮಾತಾಡ್ತಾರೆ, ಊಟ ಆಯ್ತಾ ಅಂತ ಕೇಳ್ತಾರೆ. ಆದರೆ ನಾನು ಪರದೆ ಮುಂದೆ ಕೂತು ಏನಾದ್ರೂ ಟೈಪ್ ಮಾಡಿದ್ರೆ, ಹಿಂದೆ ತಿರುಗಿ ಒಂದು ಸಲ ನೋಡ್ತಾರೆ. ಅವರಿಗೇ ಗೊತ್ತಿಲ್ಲ, ನೋಡ್ತೀನಿ ಅಂತ.

ಏಪ್ರಿಲ್ 3, ಬೆಳಿಗ್ಗೆ

ಡೆಲಿವರಿಯವರ ಫೋನ್. ಪ್ಲಾಸ್ಟರ್ ಬಿಚ್ಚೋಕೆ ಇನ್ನೂ ಮೂರು ವಾರ. ದನಿ ಮಾತ್ರ ಗಟ್ಟಿ. ಗೋದಾಮಿನವರೆಲ್ಲ ನೋಡೋಕೆ ಬಂದಿದ್ರಂತೆ. "ಈಗ ನನ್ನ ಹೆಸರೇ ಅರವತ್ತೊಂದು ಮೇಡಂ!" ಅಂತ ನಗು. ನಾನೂ ನಕ್ಕೆ. ನಗಬಹುದಾ ಅಂತ ಗೊತ್ತಾಗದೇ ನಕ್ಕೆ.

ಆಮೇಲೆ, "ಇರಿ, ಇವಳೇನೋ ಕೇಳ್ಬೇಕಂತೆ" ಅಂದ್ರು.

ಹೆಂಡತಿ ಬಂದ್ರು. ಸಿಟ್ಟಿರಲಿಲ್ಲ ದನಿಯಲ್ಲಿ. ತಿಳ್ಕೊಳ್ಳೋಕೆ ಕೇಳೋ ದನಿ.

"ಒಂದೇ ಮಾತು. ಅವತ್ತು ಇವರು ನಿಮಗೆ ಫೋನ್ ಮಾಡದೇ ಇದ್ದಿದ್ರೆ, ನೀವು ಹೇಳ್ತಿದ್ರಾ?"

"ಹೇಳ್ತಿದ್ದೆ" ಅಂದೆ. ಆ ಕ್ಷಣವೇ. ಅವರ ಮಾತು ಮುಗಿಯೋ ಮುಂಚೆ.

ಅವರು "ಸರಿ" ಅಂತ ಫೋನ್ ಇಟ್ರು.

ಅಷ್ಟು ಬೇಗ ಬಾಯಿಗೆ ಬಂತು ಅಂದ್ರೆ ಅದೂ ಇಪ್ಪತ್ತೊಂಬತ್ತೇ ಇರ್ಬೇಕು.