ನೆಂದ ಹಲಗೆಯ ಅಂಕಿಗಳು

ಚಿತ್ರದುರ್ಗ
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ಮಂಗಳಾ,

ಹೊಸದುರ್ಗದಲ್ಲಿ ನೀವೆಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಪತ್ರಕ್ಕೆ ಎರಡು ತಿಂಗಳಾದರೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ಫೋನ್ ಮಾಡಿ ಹೇಳಲು ಹೋದೆ. ಎರಡು ಸಲವೂ ಮಳೆಯ ಮಾತಾಡಿ ಇಟ್ಟುಬಿಟ್ಟೆ. ಸಿರಿಗೆರೆಯ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದಾಗಲೂ ನಾನು ಇಷ್ಟು ಮುಚ್ಚಿಟ್ಟವಳಲ್ಲ.

ನನ್ನ ಪಿಎಚ್‌ಡಿ ಯಾವುದರ ಮೇಲೆ ಎಂದು ನೀನು ಕೇಳುತ್ತಲೇ ಇದ್ದೆ. ಕತ್ತಾಳೆ ನಾರನ್ನು ಪದರ ಪದರವಾಗಿ ಹಾಸಿ, ನಡುವೆ ಎಪಾಕ್ಸಿ ಅಂಟು ಸುರಿದು, ಒತ್ತಿ ಹಲಗೆ ಮಾಡುವುದು. ಹೊಲದ ಬೇಲಿಯಲ್ಲಿ ಸುಮ್ಮನೆ ಬೆಳೆಯುವ ಕತ್ತಾಳೆಯೂ ಮರದಷ್ಟು ಭಾರ ಹೊರುತ್ತದೆಂದರೆ ನನಗೂ ಹೆಮ್ಮೆಯಿತ್ತು. ಆದರೆ ಹಲಗೆಯ ತುಂಡುಗಳನ್ನು ಒಂದು ತಿಂಗಳು ನೀರಿನಲ್ಲಿಟ್ಟು ತೆಗೆದಾಗ ಅವು ಉಬ್ಬಿದ್ದವು. ಅಂಚಿನಲ್ಲಿ ನಾರು ಅಂಟಿನಿಂದ ಬಿಟ್ಟುಕೊಂಡಿತ್ತು, ಕೊಳೆತ ವಾಸನೆ ಬರುತ್ತಿತ್ತು. ಯಂತ್ರಕ್ಕಿಟ್ಟು ಬಗ್ಗಿಸಿದರೆ, ಒಣಗಿದ್ದಾಗ ನೂರು ಕಿಲೋ ಹೊರುತ್ತಿದ್ದ ಕಡೆ ಐವತ್ತೈದಕ್ಕೇ ಮುರಿದವು. ಹನ್ನೆರಡು ತುಂಡು, ಹನ್ನೆರಡೂ ಹಾಗೇ.

ನನ್ನ ಗೈಡ್ ಡಾಕ್ಟರ್ ಪರಮೇಶ್ ಅವರಿಗೆ ನೋಟ್‌ಬುಕ್ ತೋರಿಸಿದೆ. ಅವರು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದರು. ಎಣ್ಣೆ ಬೆರಳನ್ನು ಆ ಪುಟದ ಮೇಲೇ ಇಟ್ಟು ಹೇಳಿದರು: "ನೆಂದಿದ್ದು ನಮ್ಮ ಪೇಪರ್ ವಿಷಯ ಅಲ್ಲ ಕಣಮ್ಮ. ಒಣಗಿದ್ದರ ರೀಡಿಂಗ್ ಚೆನ್ನಾಗಿ ಬಂದಾವೆ, ಅವನ್ನ ಹಾಕಾಣ. ನೀರಿಂದು ಮುಂದಿನ ವರ್ಷ ನೋಡಾಣ."

"ಸರ್, ಇದನ್ನ ಊರುಗಳಲ್ಲಿ ಚರಂಡಿ ಮೇಲೆ ಹಾಕ್ತಾರಂತಲ್ಲ" ಎಂದೆ.

"ನಿನ್ನ ಥೀಸಿಸ್ ಮುಗಿಬೇಕೋ ಬ್ಯಾಡವೋ?"

ಆಯ್ತು ಸರ್ ಎಂದೆ. ಅಷ್ಟೇ ನಡೆದದ್ದು. ಪೇಪರ್ ಅಚ್ಚಾಯಿತು, ಅವರ ಹೆಸರಿನ ಕೆಳಗೆ ನನ್ನ ಹೆಸರೂ ಬಂತು. ನಾಲ್ಕು ಊರುಗಳಲ್ಲಿ ಚರಂಡಿ ದಾಟಲು ನಮ್ಮ ಹಲಗೆ ಹಾಕಿಸಿದರು. ಯಲ್ಲದಕೆರೆಯಲ್ಲಿ ಅಂಗನವಾಡಿಯ ಮುಂದೆ ರಿಬ್ಬನ್ ಕತ್ತರಿಸಿದ ದಿನ ನಾನೂ ಅವರ ಪಕ್ಕದಲ್ಲಿ ನಗುತ್ತ ನಿಂತಿದ್ದೆ. ಆ ಫೋಟೋ ಈಗಲೂ ವಿಭಾಗದ ಗೋಡೆಯ ಮೇಲಿದೆ. ಅದರ ಮುಂದೆ ಹಾದು ಹೋಗುವಾಗ ನಾನು ನೆಲ ನೋಡುತ್ತೇನೆ.

ಆಗಸ್ಟಿನ ಮಳೆಯಲ್ಲಿ ಆ ಹಲಗೆ ಮುರಿಯಿತು. ಮಕ್ಕಳು ಒಳಗಿದ್ದವು. ಅಂಗನವಾಡಿಯ ಸಹಾಯಕಿ ಪಾಲಮ್ಮ ತರಕಾರಿ ಚೀಲ ಹೊತ್ತು ದಾಟುತ್ತಿದ್ದಳು. ಕಾಲು ಒಳಗಿಳಿದು ಮೂಳೆ ಮುರಿಯಿತು, ಹಲಗೆಯ ಚೂಪು ಅಂಚು ಮೀನಖಂಡವನ್ನು ಸೀಳಿತು. ಹಿರಿಯೂರಿನ ಆಸ್ಪತ್ರೆಗೆ ಸೇರಿಸಿದರು.

ಕಾಲೇಜು ವಿಚಾರಣೆಗೆ ಮೂವರನ್ನು ನೇಮಿಸಿತು. ಆ ಮೂವರ ಮುಂದೆ ಪರಮೇಶ್ ಹೇಳಿದ್ದು ಕೇಳು: ಲ್ಯಾಬಿನ ಜುಂಜಣ್ಣ ಅಂಟನ್ನು ಸರಿಯಾಗಿ ಬೆರೆಸಿಲ್ಲ, ಅದಕ್ಕೇ ಹೀಗಾಯಿತು. ಇಪ್ಪತ್ತೆರಡು ವರ್ಷದಿಂದ ಯಂತ್ರ ನೋಡಿಕೊಂಡಿರುವ ಮನುಷ್ಯ. ಅವನನ್ನು ಅಮಾನತು ಮಾಡಿದರು. ಅಂದು ಮಧ್ಯಾಹ್ನ ಪರಮೇಶ್ ನನ್ನ ಟೇಬಲ್ಲಿಗೆ ಬಂದು, "ನೀನು ಸುಮ್ಕಿರು, ಎಲ್ಲ ತಣ್ಣಗಾಗ್ತೈತೆ" ಎಂದು ಭುಜ ತಟ್ಟಿದರು. ಮನೆಗೆ ಬಂದು ಆ ಸೀರೆ ಒಗೆದೆ. ಮತ್ತೆ ಒಗೆದೆ.

ಜುಂಜಣ್ಣ ತನ್ನ ಸಾಮಾನು ತೆಗೆದುಕೊಳ್ಳಲು ಬಂದಾಗ ನಾನೊಬ್ಬಳೇ ಇದ್ದೆ. ಅವನು ಬೈಯಲಿಲ್ಲ. "ಮೇಡಂ, ನಾನು ಗುಂಡಿ ಒತ್ತೋನು. ಅಂಕಿ ಬರ್ಕಂಡೋರು ನೀವು. ನಂಗೂ ನೆನಪೈತೆ, ನಿಮಗೂ ನೆನಪೈತೆ" ಎಂದು ಹೇಳಿ ಹೊರಟ.

ಮರುದಿನ ಆ ನೋಟ್‌ಬುಕ್ ಒಯ್ದು ವಿಚಾರಣೆಯವರ ಮುಂದಿಟ್ಟೆ. ಎಣ್ಣೆಯ ಕಲೆ ಇನ್ನೂ ಇತ್ತು. ಎಲ್ಲ ಹೇಳಿದೆ, ನಾನು ಆಯ್ತು ಅಂದದ್ದನ್ನೂ. ಜುಂಜಣ್ಣ ವಾರದಲ್ಲಿ ಕೆಲಸಕ್ಕೆ ಮರಳಿದ. ಉಳಿದ ಮೂರು ಊರಿನ ಹಲಗೆ ಕಿತ್ತು ಹಾಕಿದರು. ಪರಮೇಶರನ್ನು ಸಂಶೋಧನೆಯಿಂದ ತೆಗೆದರು, ಪಾಠ ಮಾತ್ರ ಮಾಡುತ್ತಾರಂತೆ. ಪೇಪರ್ ಹಿಂತೆಗೆಯಿರಿ ಎಂದು ಪತ್ರಿಕೆಗೆ ನಾನೇ ಬರೆದಿದ್ದೇನೆ. ನನ್ನ ನಾಲ್ಕು ವರ್ಷ ಅದರ ಜೊತೆಗೇ ಹೋಯಿತು.

ಈಗ ಕಾರಿಡಾರಿನಲ್ಲಿ ಸಿಕ್ಕವರೆಲ್ಲ "ಭಾಳ ಧೈರ್ಯ ಮಾಡಿದ್ರಿ ಕಣ್ರಿ" ಎನ್ನುತ್ತಾರೆ. ಇವರಲ್ಲಿ ಇಬ್ಬರು ಆ ನೆಂದ ತುಂಡುಗಳನ್ನು ನನ್ನ ಜೊತೆಯೇ ನೋಡಿದ್ದವರು.

ನಿಮ್ಮ ಮಗಳು ಬಿಂದು ವಿಜ್ಞಾನ ತಗೊಳ್ಳುತ್ತಾಳೆಂದು ನೀನು ಬರೆದಿದ್ದೆ. ತಗೊಳ್ಳಲಿ. ಕಂಡದ್ದನ್ನು ಕಂಡ ಹಾಗೆ ಬರೆಯುವ ಗಟ್ಟಿತನ ಅವಳಿಗೆ ಬರಲಿ. ಅವಳಿಗೆ ನನ್ನ ಆಶೀರ್ವಾದ, ನಿಮ್ಮ ಮನೆಯವರಿಗೆ ನಮಸ್ಕಾರ ತಿಳಿಸು.

ನಿನ್ನ
ಯಮುನಾ

ಮರೆತದ್ದು: ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ನೋಟ್‌ಬುಕ್ ಕೊಡುವುದಕ್ಕೆ ಐದು ದಿನ ಮುಂಚೆ ಪಾಲಮ್ಮನನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ನನ್ನ ಕೈ ಹಿಡಿದು ಕೇಳಿದಳು, "ಅದು ಮುರಿತೈತೆ ಅಂತ ನಿಮಗೇನಾರ ಗೊತ್ತಿತ್ತೇನವ್ವ?" ಗೊತ್ತಿರಲಿಲ್ಲ ಪಾಲಮ್ಮ ಎಂದೆ. "ಹಂಗಾರೆ ಬಿಡವ್ವ, ನೀನೇನ್ ಮಾಡ್ತೀಯ, ಅಳಬ್ಯಾಡ" ಎಂದು, ಯಾರೋ ತಂದುಕೊಟ್ಟಿದ್ದ ಕಿತ್ತಳೆಯನ್ನು ಮಲಗಿದಲ್ಲೇ ಸುಲಿದು ನನ್ನ ಕೈಗಿಟ್ಟಳು. ವಿಚಾರಣೆಯವರು ಏನು ಬರೆದರೆಂದು ಅವಳಿಗೆ ಇವತ್ತಿಗೂ ಯಾರೂ ಹೇಳಿಲ್ಲ. ನಾನೂ ಹೇಳಿಲ್ಲ. ಆ ಹಣ್ಣನ್ನು ಅವಳೆದುರಿಗೇ ಕೂತು ಪೂರ್ತಿ ತಿಂದೆ, ಮಂಗಳಾ.