ಗಾಳಿ ಅಳೆಯುವ ಡಬ್ಬಿ

ಮನೆಯಿಂದ, ಅಡುಗೆಮನೆಯ ಮೇಜು
ಬುಧವಾರ, ಮಾರ್ಚ್ ೧೨

ಪ್ರೀತಿಯ ಸೊಸೆಗೆ,

ನೀನು ಹೇಗಿದ್ದೀಯ? ಮಗು ಹೇಗಿದ್ದಾಳೆ? ಎದೆಯ ಗೊರಗೊರ ಕಡಿಮೆಯಾಯಿತೇ, ಏದುಸಿರಿಲ್ಲದೆ ಮೆಟ್ಟಿಲು ಹತ್ತುತ್ತಾಳೆಯೇ? ನನಗೇನು, ಗುಂಡುಕಲ್ಲಿನ ಹಾಗಿದ್ದೇನೆ. ಆದರೆ ಮೊನ್ನೆಯಿಂದ ಯಾವುದೂ ತಾಕುತ್ತಿಲ್ಲ. ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದೆ. ಬೊಬ್ಬೆ ಎದ್ದ ಮೇಲೆ ಗೊತ್ತಾಯಿತು.

ನಿನ್ನ ಗಂಡ ಎಂದಿನಂತೆ ಮುಂದಿನ ಕೋಣೆಯಲ್ಲೇ ಮರಗೆಲಸ ಮಾಡುತ್ತಾನೆ. ಈಗ ಎಂಟು ಕುರ್ಚಿಗಳನ್ನು ಉಜ್ಜಿ ಪಾಲಿಶ್ ಹಾಕುತ್ತಿದ್ದಾನೆ. ಈ ಮರದ ಪುಡಿಯಿಂದಲೇ ಮಗುವಿಗೆ ಉಬ್ಬಸ ಎಂದು ನೀನು ಬಡಕೊಂಡಾಗ, "ನಮ್ಮನೆ ಗಾಳಿಗೇನಾಗಿದೆ? ನಾಲ್ಕು ಮಕ್ಕಳನ್ನ ಇಲ್ಲೇ ಸಾಕಿಲ್ವಾ ನಾನು?" ಎಂದು ನಿನ್ನ ಬಾಯಿ ಮುಚ್ಚಿಸಿದವಳು ನಾನೇ. ನೀನು ಮಗುವನ್ನೆತ್ತಿಕೊಂಡು ತವರಿಗೆ ಹೋದೆ. ಅಲ್ಲಿಂದ ಗಾಳಿಯ ಧೂಳು ಅಳೆಯುವ, ಅಂಗೈಯಗಲದ ಆ ಅಗ್ಗದ ಡಬ್ಬಿ ಕಳಿಸಿ, ಒಂದು ತಿಂಗಳು ಹಸಿರು ದೀಪ ಉರಿದರೆ ವಾಪಸು ಬರುತ್ತೇನೆ ಎಂದೆ. ಉರಿಯಿತು. ಫೋನಿನಲ್ಲಿ ನಾನು ಬೀಗಿದ್ದೇ ಬೀಗಿದ್ದು. ನೀನೂ ಇಪ್ಪತ್ತೆರಡಕ್ಕೆ ಹೊರಡುತ್ತೇನೆಂದೆ.

ನನ್ನ ಚಾಳಿ ನಿನಗೆ ಗೊತ್ತಲ್ಲ, ಟಿವಿ ರಿಮೋಟಿಗೂ ಪ್ಲಾಸ್ಟಿಕ್ ಹೊದಿಸುವವಳು. ಸೊಸೆ ಕಳಿಸಿದ್ದು ಧೂಳು ಹಿಡಿದು ಹಾಳಾಗಬಾರದೆಂದು ಡಬ್ಬಿಗೂ ಮೊದಲ ದಿನವೇ ಬಿಗಿಯಾಗಿ ಹೊದಿಕೆ ಹೊಲಿದಿದ್ದೆ. ಸೋಮವಾರ ಒರೆಸಲೆಂದು ಬಿಚ್ಚಿದೆ. ಅವನು ಕುರ್ಚಿ ಉಜ್ಜುತ್ತಿದ್ದ. ಹತ್ತೇ ನಿಮಿಷದಲ್ಲಿ ದೀಪ ಕೆಂಪಾಯಿತು, ಹನ್ನೆರಡಿದ್ದ ಅಂಕಿ ಮುನ್ನೂರು ದಾಟಿತು. ಇಡೀ ತಿಂಗಳು ಅದು ಅಳೆದದ್ದು ಪ್ಲಾಸ್ಟಿಕ್ಕಿನೊಳಗಿನ ಗಾಳಿಯನ್ನು. ನಗು ಬರಬೇಕಿತ್ತು, ಅಳುವಾದರೂ ಬರಬೇಕಿತ್ತು. ಎರಡೂ ಬರಲಿಲ್ಲ. ಸುಮ್ಮನೆ ಒಂದು ಕುರ್ಚಿಯ ಮೇಲೆ ಕೂತೆ. ಪಾಲಿಶ್ ಇನ್ನೂ ಹಸಿಯಿತ್ತು, ಬಟ್ಟೆಗೆಲ್ಲ ಅಂಟಿತು.

ನಿನ್ನ ಅಪ್ಪ ಅಮ್ಮನಿಗೆ ನಮಸ್ಕಾರ ಹೇಳು. ಮಗುವಿಗೆ ಅಜ್ಜಿಯ ಮುತ್ತು. ನಿನಗೆ ಒಳ್ಳೆಯದಾಗಲಿ.

ಇಂತಿ,
ನಿನ್ನ ಜಂಬದ ಅತ್ತೆ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು. ಇಪ್ಪತ್ತೆರಡಕ್ಕೆ ಬರಬೇಡ. ಕೆಂಪು ದೀಪವನ್ನು ನಿನ್ನ ಗಂಡನೂ ನೋಡಿದ. "ಕವರ್ ಮತ್ತೆ ಹಾಕ್ಬಿಡಮ್ಮ. ಅವರು ಬರ್ಲಿ ಮೊದ್ಲು" ಎಂದವನೇ ಮತ್ತೆ ಉಜ್ಜಲು ಕೂತ. ಫೋನು ಅವನ ಜೇಬಿನಲ್ಲಿರುತ್ತದೆ, ಅದಕ್ಕೇ ಈ ಕಾಗದ. ಮಗುವನ್ನು ನೋಡಬೇಕೆಂಬ ಆಸೆ ಅವನಿಗೆ, ನನಗೂ. ಅವನ ಕೆಲಸ ಈ ಮನೆಯಿಂದ ಹೊರಗೆ ಹೋಗುವವರೆಗೆ ಯಾರು ಕರೆದರೂ ಬರಬೇಡ, ನಾನೇ ಕರೆದರೂ. ಆ ಹೊದಿಕೆಯನ್ನು ಈ ಲಕೋಟೆಯಲ್ಲೇ ಮಡಚಿಟ್ಟಿದ್ದೇನೆ. ಮನೆಯಲ್ಲಿದ್ದರೆ ನಾನೇ ಹಾಕಿಬಿಟ್ಟೇನು.